ತವರಿಗೆ ಹೋದರೆ ವಾಸಿಯಾಗುತ್ತಿದ್ದ ಹೊಟ್ಟೆನೋವು

ಹೊಟ್ಟೆನೋವು ಅಂತ ಬಂದವರನ್ನು ನಾನು ಮೊದಲು ಮುಟ್ಟುವುದಿಲ್ಲ, ಅವರು ನಡೆಯುವುದನ್ನು ನೋಡುತ್ತೇನೆ. ಅಲ್ಲಾಳಸಂದ್ರದಲ್ಲಿ ನನ್ನ ಕ್ಲಿನಿಕ್ ಇರುವುದು ಮೊದಲ ಮಹಡಿಯಲ್ಲಿ. ಜಾಗ ನೋಡುವಾಗ ನೆಲಮಹಡಿಯನ್ನೇ ಹಿಡಿಯಿರಿ ಅಂದವರು ಬಹಳ. ನಾನು ಮಾಲೀಕರ ಜೊತೆ ವಾರವಿಡೀ ಜಗ್ಗಾಡಿ ಮೆಟ್ಟಿಲಿಗೆ ಎದುರಾಗುವ ಕೋಣೆಯನ್ನು ಹಿಡಿದೆ. ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಹೊಟ್ಟೆ ಅರ್ಧ ಕಥೆಯನ್ನು ಹೇಳಿಬಿಡುತ್ತದೆ. ಒಳಗೆ ಕೀವಾದವರು ಮೈ ಅಲುಗಾಡದಂತೆ ಬಗ್ಗಿ ಬಗ್ಗಿ ಬರುತ್ತಾರೆ. ಕಿಡ್ನಿ ಕಲ್ಲಿನವರು ಒಂದು ಕಡೆ ನಿಲ್ಲಲಾರರು. ತೀರಾ ಆಗದವರಿಗೆ ಕೆಳಗೇ ಕುರ್ಚಿ ಕಳಿಸುತ್ತೇನೆ, ಆ ಚಿಂತೆ ಬೇಡ.

ಆ ಹುಡುಗಿ ಮೊದಲ ಸಲ ಬಂದಾಗ ಮೆಟ್ಟಿಲ ಮಧ್ಯದಲ್ಲಿ ನಿಂತಳು. ಎರಡೂ ಮುಷ್ಟಿಯನ್ನು ಹೊಕ್ಕಳಿನ ಸುತ್ತ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಒಂದು ನಿಮಿಷ ಬಿಟ್ಟು ಏನೂ ಆಗಿಲ್ಲವೆಂಬಂತೆ ಮೇಲೆ ಬಂದಳು. ನಾನು ಅದನ್ನು ನೋಡಿದೆ. ನೋಡಿದ್ದನ್ನು ತೂಗಲಿಲ್ಲ.

ಜೊತೆಯಲ್ಲಿ ಅತ್ತೆ ಇದ್ದರು. ಹಳೆಯ ಊರಿನ ಮನೆತನ. ಹೊಲಗಳೆಲ್ಲ ಸೈಟುಗಳಾಗಿ, ಈಗ ನಾಲ್ಕಂತಸ್ತಿನ ಕಟ್ಟಡ. ಮೇಲಿನ ಮೂರು ಬಾಡಿಗೆಗೆ, ಕೆಳಗೆ ಇವರ ವಾಸ. ಗಂಡ ತೀರಿಕೊಂಡ ಮೇಲೆ ಮನೆಯನ್ನು ನಡೆಸುತ್ತಿದ್ದವರು ಅವರೇ. ಒಬ್ಬನೇ ಮಗ ಕಟ್ಟಡದ ಕಂಟ್ರಾಕ್ಟು ಮಾಡುತ್ತಿದ್ದ. ಮದುವೆಯಾಗಿ ಆರೇಳು ತಿಂಗಳಾಗಿತ್ತು. ಏನಾಯ್ತಮ್ಮ ಅಂತ ನಾನು ಹುಡುಗಿಯನ್ನು ಕೇಳಿದರೆ ಉತ್ತರ ಅತ್ತೆಯಿಂದ ಬಂತು.

"ಒಟ್ಟೆ ನೋವಂತೆ ಡಾಕ್ಟ್ರಮ್ಮ. ತಿಂದಿದ್ದೇನೂ ಬ್ಯಾರೆ ಇಲ್ಲ, ನಾವ್ ತಿಂದಿದ್ದೇ ಅವ್ಳೂ ತಿಂದಿರೋದು."

ಮಂಡಿ ಮಡಚಿ ಮಲಗಿಸಿದೆ. ಕೈ ಉಜ್ಜಿ ಬಿಸಿ ಮಾಡಿಕೊಂಡು, ನೋವಿಲ್ಲ ಅಂದ ಮೂಲೆಯಿಂದ ಶುರು ಮಾಡಿ, ಮುಖವನ್ನು ನೋಡುತ್ತ ಒಂದೊಂದೇ ಜಾಗವನ್ನು ಒತ್ತಿದೆ. ಹೊಟ್ಟೆ ಮೆತ್ತಗಿತ್ತು. ಒತ್ತಿ ತಟ್ಟನೆ ಕೈ ತೆಗೆದರೂ ಮುಖ ಕಿವುಚಲಿಲ್ಲ. ಒತ್ತಿದಾಗ ಹಾಯೆನಿಸುತ್ತದೆ ಅಂದಳು. ನೋವು ಅಲೆಯಂತೆ ಬಂದು ಹೋಗುತ್ತದೆ, ನಾಲ್ಕು ದಿನದಿಂದ ಮಲ ಹೋಗಿಲ್ಲ ಅಂದಳು. ಮೂತ್ರದಲ್ಲಿ ಗರ್ಭದ ಪರೀಕ್ಷೆ ಮಾಡಿಸಿದೆ, ಇರಲಿಲ್ಲ. ನಿಮಗೊಂದು ಮಾತು: ಹೊಟ್ಟೆನೋವಿಗೆ ವೈದ್ಯರ ಹತ್ತಿರ ಹೋಗುವಾಗ ನಿಮ್ಮ ನೋವನ್ನು ನೀವೇ ಹೇಳಿ. ಅಮ್ಮನೋ ಅತ್ತೆಯೋ ಹೇಳಿದರೆ ಅದು ಅವರ ಮನೆಯ ಕಥೆಯಾಗುತ್ತದೆ, ನಿಮ್ಮ ಹೊಟ್ಟೆಯದಲ್ಲ.

ಪರೀಕ್ಷೆಯ ವಿಷಯದಲ್ಲಿ ನನ್ನದು ಸಂತೆ ಬುದ್ಧಿ. ಎರಡು ಬೇಕಿದ್ದರೆ ನಾಲ್ಕು ಬರೆಯುತ್ತೇನೆ. ಅವರು ಎಳೆದಾಡಿ ಎರಡಕ್ಕೆ ಇಳಿಸುತ್ತಾರೆ, ಇಬ್ಬರಿಗೂ ಗೆದ್ದ ಸಮಾಧಾನ. ಅವತ್ತೂ ಹಾಗೇ ಆಯಿತು. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ರಕ್ತ ಕಮ್ಮಿ ಇತ್ತು, ಹಿಮೋಗ್ಲೋಬಿನ್ ಒಂಬತ್ತೂ ಮುಟ್ಟಿರಲಿಲ್ಲ. ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಕೆಂಪು ರಕ್ತಕಣಗಳಲ್ಲಿ ಒರಟು ಚುಕ್ಕೆಗಳು ಕಾಣುತ್ತಿವೆ, ರೋಗಿಯ ಲಕ್ಷಣದ ಜೊತೆ ಹೊಂದಿಸಿ ನೋಡುವುದು. ದಿನಕ್ಕೆ ಐವತ್ತು ರಿಪೋರ್ಟು ನೋಡುವ ಕಣ್ಣು ದಪ್ಪ ಅಕ್ಷರದ ಅಂಕಿಯನ್ನಷ್ಟೇ ಓದುತ್ತದೆ. ಕಬ್ಬಿಣದ ಮಾತ್ರೆ, ಜಂತುಹುಳದ ಮಾತ್ರೆ, ಮಲಬದ್ಧತೆಗೊಂದು ಸಿರಪ್ ಬರೆದೆ. ಸೊಪ್ಪು ಚೆನ್ನಾಗಿ ತಿನ್ನಿಸಿ, ರಕ್ತ ಆಗಬೇಕು ಅಂತ ಅತ್ತೆಗೆ ಒತ್ತಿ ಹೇಳಿದೆ.

ಮುಂದಿನ ತಿಂಗಳು ನೋವು ಬಲಗಡೆ ಕೆಳಗೆ ಹೆಚ್ಚಿತ್ತು. ವಾಂತಿಯಾಗಿತ್ತು, ಬಿಳಿ ರಕ್ತಕಣ ಸ್ವಲ್ಪ ಏರಿತ್ತು. ಮೆಟ್ಟಿಲು ಹತ್ತುವಾಗ ಮಾತ್ರ ಮೊದಲಿನಂತೆಯೇ ಹೊಟ್ಟೆಯನ್ನು ಒತ್ತಿ ಹಿಡಿದಿದ್ದಳು. ಅಪೆಂಡಿಕ್ಸ್‌ನವರು ತಮ್ಮ ಹೊಟ್ಟೆಯನ್ನು ತಾವೇ ಹಾಗೆ ಅದುಮಿಕೊಳ್ಳುವುದಿಲ್ಲ. ಇದು ನನಗೆ ಗೊತ್ತಿರುವ ವಿಷಯವೇ. ಆದರೆ ಏನೂ ಸಿಕ್ಕದ ಹೊಟ್ಟೆಯಲ್ಲಿ ಏನೋ ಒಂದು ಸಿಕ್ಕಿತಲ್ಲ ಅನ್ನುವ ಆತುರ ನನ್ನದು. ಪರಿಚಯದ ಸರ್ಜನ್ ಒಬ್ಬರ ಹತ್ತಿರ ಕಳಿಸಿದೆ. ಇನ್ನೊಂದು ದಿನ ಕಾಯೋಣ ಅಂದ ಅವರನ್ನೂ ಮಾತಿನಲ್ಲಿ ಬಗ್ಗಿಸಿದೆ. ತೆಗೆದ ಅಪೆಂಡಿಕ್ಸ್ ಆರೋಗ್ಯವಾಗಿತ್ತು. ಕೆಲವು ಸಲ ಹೀಗಾಗುತ್ತದೆ ಅಂದರು ಸರ್ಜನ್. ಆಗುತ್ತದೆ, ನಿಜ. ಯಾರ ಹೊಟ್ಟೆಯ ಮೇಲೆ ಆಗುತ್ತದೆ ಅನ್ನುವುದು ಬೇರೆ ವಿಷಯ.

ಆಪರೇಷನ್ ಆದವಳನ್ನು ತವರಿಗೆ ಕಳಿಸಿದರು. ತವರೇನು ದೂರವಲ್ಲ, ಇಲ್ಲೇ ವಿದ್ಯಾರಣ್ಯಪುರ. ಮೂರು ವಾರದಲ್ಲಿ ಮುಖಕ್ಕೆ ಕಳೆ ಬಂತು, ನೋವಿನ ಸುದ್ದಿಯೇ ಇಲ್ಲ. ಆಪರೇಷನ್ ಹಿಡಿಯಿತು ಅಂತ ನಾನೂ ಬೀಗಿದೆ. ಗಂಡನ ಮನೆಗೆ ಬಂದು ಹದಿನೈದು ದಿನಕ್ಕೆ ನೋವು ಮರಳಿತು. ಗೌರಿ ಹಬ್ಬಕ್ಕೆ ಮತ್ತೆ ತವರಿಗೆ ಹೋದಳು, ನೋವು ಹೋಯಿತು. ವಾಪಸು ಬಂದಳು, ನೋವೂ ಬಂತು.

ಎರಡು ಸಲ ಹೀಗಾದ ಮೇಲೆ ನಮ್ಮಲ್ಲಿ ಯಾರಾದರೂ ಏನು ತೀರ್ಮಾನ ಮಾಡುತ್ತಾರೋ ಅದನ್ನೇ ಎಲ್ಲರೂ ಮಾಡಿದರು. ಅತ್ತೆ ನನ್ನೆದುರಿಗೇ ಅಂದರು:

"ಅವ್ರಮ್ಮನ ಮನೆ ಅನ್ನ ಇಡೀತದೆ, ನಮ್ಮನೇದು ಇಡಿಯಲ್ಲ. ಇದ್ಕೆ ಯಾವ್ ಸ್ಕ್ಯಾನ್ ಮಾಡುಸ್ಬೇಕು ಏಳಿ ಡಾಕ್ಟ್ರಮ್ಮ."

ನಾನು ನಕ್ಕುಬಿಟ್ಟೆ. ಆ ಇಡೀ ವರ್ಷದಲ್ಲಿ ಆ ಕಾಯಿಲೆಯ ಬಗ್ಗೆ ಯಾರಾದರೂ ಆಡಿದ ಅತ್ಯಂತ ನಿಜವಾದ ಮಾತು ಅದು. ಅತ್ತೆ ಕೊಂಕಾಗಿ ಆಡಿದರು, ನಾನು ಕೊಂಕಾಗಿಯೇ ಕೇಳಿಸಿಕೊಂಡೆ.

ಅವರನ್ನು ಹೊರಗೆ ಕೂರಿಸಿ ಹುಡುಗಿಯನ್ನು ಒಬ್ಬಳನ್ನೇ ಮಾತಾಡಿಸಿದೆ. "ಮೇಡಂ, ಆ ಮನೇಲಿ ನಂಗೆ ಬೇಜಾರಿಲ್ಲ. ಅತ್ತೆ ಬಾಯಿ ಜೋರು ಅಷ್ಟೆ. ಆದ್ರೆ ನೋವು ಬರತ್ತೆ, ನಾನೇನ್ ಮಾಡ್ಲಿ," ಅಂದಳು. ನಾನು ಬುದ್ಧಿ ಹೇಳಿದೆ. ನಾನೂ ಸೊಸೆಯಾಗಿ ಬಂದವಳೇ, ಮೊದಲ ವರ್ಷ ಎಲ್ಲರಿಗೂ ಹೀಗೇ, ಮನಸ್ಸಿನ ಬೇಗುದಿ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆ ಅಂದೆ. ಅವಳು ತಲೆ ತಗ್ಗಿಸಿ ಕೇಳಿದಳು, ಒಪ್ಪಲಿಲ್ಲ. ಚೀಟಿಯಲ್ಲಿ 'ಮಾನಸಿಕ ಒತ್ತಡ' ಅಂತ ಬರೆದು ಒಂದು ಸಣ್ಣ ಮಾತ್ರೆ ಕೊಟ್ಟೆ. ಆಮೇಲೆ ಅತ್ತೆಯನ್ನು ಒಳಗೆ ಕರೆದು ಚೌಕಾಸಿಗೆ ಕೂತೆ. ತಿಂಗಳಿಗೆ ಹತ್ತು ದಿನ ತವರಿಗೆ ಕಳಿಸಿ ಅಂದೆ. ಅವರು ನಾಲ್ಕು ಅಂದರು. ಒಂದು ವಾರಕ್ಕೆ ಮುಗಿಸಿದೆ. ಮನೆ ಒಡೆಯದ ಹಾಗೆ ರಾಜಿ ಮಾಡಿಸಿದೆ ಅಂತ ಅವತ್ತು ನನ್ನ ಬಗ್ಗೆ ನನಗೇ ಮೆಚ್ಚುಗೆ.

ರಾಜಿ ಮನುಷ್ಯರ ನಡುವೆ ನಡೆಯುತ್ತದೆ. ಕಾಯಿಲೆ ಆ ಮಾತುಕತೆಗೆ ಬಂದು ಕೂತಿರಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಅವಳು ಬಸುರಿಯಾದಳು. ಹೆರಿಗೆ ಡಾಕ್ಟರು ಬೇರೆಯವರು, ಹಾಗಾಗಿ ನನ್ನ ಕಡೆ ಬರಲಿಲ್ಲ. ಬಸುರಿ ಪ್ರಯಾಣ ಮಾಡಬಾರದು ಅಂತ ತವರಿನ ವಾರವನ್ನೂ ನಿಲ್ಲಿಸಿದ್ದರಂತೆ. ಹೊಟ್ಟೆನೋವು ಅಂದರೆ ಬಸುರಿಗೆ ಇದ್ದದ್ದೇ ಅಂದರಂತೆ. ಮೂರು ತಿಂಗಳು ತುಂಬುವ ಮೊದಲೇ ಗರ್ಭ ಹೋಯಿತು. ಆಸ್ಪತ್ರೆಯಿಂದ ಅವಳು ನೇರ ತವರಿಗೆ ಹೋದವಳು ಮತ್ತೆ ಬರಲಿಲ್ಲ. ಎರಡೂ ಕಡೆಯ ಹಿರಿಯರು ಕೂತು ಮಾತಾಡಿದಾಗ ಗಂಡ ನನ್ನ ಚೀಟಿಯನ್ನು ಮುಂದಿಟ್ಟನಂತೆ. ನೋಡಿ, ಡಾಕ್ಟ್ರೇ ಬರೆದಿದ್ದಾರೆ, ಇವಳಿಗೆ ಇರುವುದು ಮನಸ್ಸಿನ ಕಾಯಿಲೆ ಅಂದನಂತೆ. ಈ ಸುದ್ದಿ ನನಗೆ ಕೆಳಗಿನ ಮೆಡಿಕಲ್ ಶಾಪಿನವರಿಂದ ತಿಳಿಯಿತು. ಅವತ್ತು ಸಂಜೆ ಒಬ್ಬರ ರಕ್ತದೊತ್ತಡವನ್ನು ಮೂರು ಸಲ ನೋಡಿ ಮೂರು ಸಲವೂ ಅಂಕಿ ಮರೆತೆ.

ಇನ್ನೆರಡು ತಿಂಗಳು ಕಳೆಯಿತು. ಒಂದು ಬೆಳಗ್ಗೆ ಮೆಟ್ಟಿಲಲ್ಲಿ ಅತ್ತೆ ಕಂಡರು. ಒಬ್ಬರೇ ಬರುತ್ತಿದ್ದರು. ಮಧ್ಯದಲ್ಲಿ ನಿಂತು, ಕಂಬಿ ಬಿಟ್ಟು, ಎರಡೂ ಮುಷ್ಟಿಯನ್ನು ಹೊಕ್ಕಳಿನ ಸುತ್ತ ಒತ್ತಿ ಕಣ್ಣು ಮುಚ್ಚಿದರು.

ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಒಳಗೆ ಕರೆದು ಮಲಗಿಸಿದೆ. ಹೊಟ್ಟೆ ಮೆತ್ತಗಿತ್ತು. ಒತ್ತಿದರೆ ಹಾಯೆನಿಸುತ್ತಿತ್ತು. ಐದು ದಿನದಿಂದ ಮಲ ಇಲ್ಲ. ಹೃದಯದ್ದಿರಬಹುದು ಅಂತ ಇಸಿಜಿ ತೆಗೆದೆ. ವಯಸ್ಸಾದವರು ಹೊಟ್ಟೆ ಅಂದರೆ ಎದೆಯನ್ನು ಬಿಡಬಾರದು. ಅದು ಸರಿಯಿತ್ತು. ಬಾಯಿ ತೆರೆಸಿ ಟಾರ್ಚ್ ಬಿಟ್ಟೆ. ಕೆಳಗಿನ ಹಲ್ಲುಗಳ ಬುಡದಲ್ಲಿ, ಒಸಡಿನ ಅಂಚಿಗೆ, ಪೆನ್ಸಿಲಿನಲ್ಲಿ ಎಳೆದ ಹಾಗೆ ಒಂದು ನೀಲಿ ಬೂದು ಗೆರೆ.

ಕಾಲೇಜಿನಲ್ಲಿ ಪುಸ್ತಕದ ಚಿತ್ರದಲ್ಲಿ ನೋಡಿದ್ದು ಬಿಟ್ಟರೆ ನಾನು ಅದನ್ನು ಯಾರ ಬಾಯಲ್ಲೂ ಕಂಡಿರಲಿಲ್ಲ. ಸೀಸದ ವಿಷ. ಹುಡುಗಿಯ ಬಾಯಿಯನ್ನು ನಾನು ಒಮ್ಮೆಯೂ ತೆರೆಸಿ ನೋಡಿರಲಿಲ್ಲ. ಅವಳ ಹಳೆಯ ರಿಪೋರ್ಟನ್ನು ಕಂಪ್ಯೂಟರಿನಲ್ಲಿ ತೆಗೆದು ಕೆಳಗಿನ ಸಾಲನ್ನು ಓದಿದೆ. ಲ್ಯಾಬಿನ ಪ್ಯಾಥಾಲಜಿಸ್ಟ್‌ಗೆ ಫೋನ್ ಮಾಡಿದೆ. ಸೀಸ ಇರಬಹುದು ಅಂತ ನಿಮಗೆ ಆಗ ಅನ್ನಿಸಿತ್ತಾ ಅಂದೆ.

"ಅನ್ಸಿತ್ತು ಮೇಡಂ, ಅದಕ್ಕೇ ಬರ್ದಿದ್ದು. ಒಂದ್ ಫೋನ್ ಬರತ್ತೆ ಅನ್ಕೊಂಡಿದ್ದೆ," ಅಂದರು ಅವರು.

ಸೀಸದ ಪರೀಕ್ಷೆಗೆ ರಕ್ತವನ್ನು ಬೇರೆ ಕೊಳವೆಯಲ್ಲಿ ಕಳಿಸಬೇಕು, ಫಲಿತಾಂಶಕ್ಕೆ ಕೆಲವು ದಿನ. ಅಷ್ಟರವರೆಗೆ ಕಾಯದೆ ಮಧ್ಯಾಹ್ನ ಕ್ಲಿನಿಕ್ ಮುಚ್ಚಿ ಅವರ ಮನೆಗೆ ಹೋದೆ. ಬಣ್ಣ, ನಲ್ಲಿ ನೀರು, ಕುಂಕುಮ, ನಾಟಿ ಔಷಧಿ ಎಲ್ಲವನ್ನೂ ಕೇಳಿದೆ. ಯಾವುದೂ ಹೊಂದಲಿಲ್ಲ. ಕೊನೆಗೆ ಅಡುಗೆಮನೆಗೆ ಹೋದೆ. ಒಲೆಯ ಮೇಲೆ ದೊಡ್ಡ ಹಿತ್ತಾಳೆ ಪಾತ್ರೆ, ಅದರಲ್ಲಿ ಹಿಂದಿನ ದಿನ ಸೊಪ್ಪು ಬೇಯಿಸಿ ಬಸಿದ ನೀರಿನಲ್ಲಿ ಮಾಡಿದ ಬಸ್ಸಾರು. ಸಾರನ್ನು ಬೇರೆ ಕಡೆ ಬಗ್ಗಿಸಿ ಪಾತ್ರೆಯ ಒಳಗೆ ನೋಡಿದೆ. ಒಳಮೈಗೆ ಬಳಿದಿದ್ದ ಕಲಾಯಿ ಅಲ್ಲಲ್ಲಿ ಎದ್ದಿತ್ತು. ಉಳಿದದ್ದು ಬೆಳ್ಳಗೆ ಹೊಳೆಯದೆ ಮಂಕಾಗಿತ್ತು. ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಬೂದು ಮಸಿ ಹತ್ತಿತು. ಇದು ಅನುಮಾನಕ್ಕೆ ಸಾಕು, ರುಜುವಾತಿಗೆ ಸಾಲದು. ಕೆರೆದ ಪುಡಿಯನ್ನು ಲ್ಯಾಬಿಗೆ ಕಳಿಸಿದೆ.

ಕಲಾಯಿ ಯಾರು ಹಾಕಿದ್ದು ಅಂತ ಕೇಳಿದೆ. ಬೀದಿಯಲ್ಲಿ ಗಾಡಿ ತಳ್ಳಿಕೊಂಡು ಬಂದವರು ಯಾರೋ, ಮತ್ತೆ ಕಂಡಿಲ್ಲ. ಅಟ್ಟದ ಮೇಲೆ ಎಷ್ಟೋ ವರ್ಷದಿಂದ ಬಿದ್ದಿದ್ದ ಪಾತ್ರೆಯಂತೆ. ಕಲಾಯಿಗೆ ಹಾಕಬೇಕಾದ ಲೋಹ ದುಬಾರಿ, ಅದಕ್ಕೆ ಅಗ್ಗದ ಸೀಸ ಬೆರೆಸುವವರಿದ್ದಾರೆ. ಬೆರೆಸಿದವರಿಗೂ ಪಾಪ ಅದು ವಿಷ ಅಂತ ಗೊತ್ತಿತ್ತೋ ಇಲ್ಲವೋ. ಹುಣಸೆಹುಳಿ ಬಿದ್ದ ಸಾರು ಅಂಥ ಕಲಾಯಿಯಲ್ಲಿ ಒಂದು ರಾತ್ರಿ ನಿಂತರೆ ಸೀಸ ಸಾರಿಗೆ ಇಳಿಯುತ್ತದೆ. ನಿಮ್ಮ ಮನೆಯಲ್ಲೂ ಹಿತ್ತಾಳೆ ಪಾತ್ರೆ ಇಳಿಸಿದ್ದರೆ, ಕಲಾಯಿ ಹಾಕಿದ್ದು ಯಾರು, ಏನು ಹಾಕಿದರು ಅಂತ ಕೇಳಿ. ಗೊತ್ತಿಲ್ಲದಿದ್ದರೆ ಅದರಲ್ಲಿ ಹುಳಿ ಬೇಯಿಸಬೇಡಿ.

ನನಗೆ ಇನ್ನೂ ಒಂದು ಗಂಟು ಬಿಡಿಸಬೇಕಿತ್ತು. ಎಲ್ಲರೂ ಅದೇ ಸಾರನ್ನು ತಿಂದರೆ ಅವಳೊಬ್ಬಳಿಗೇ ಯಾಕೆ? ಈಗ ಇವರಿಗೆ ಯಾಕೆ? ಯಾರು ಯಾವಾಗ ಉಣ್ಣುತ್ತಿದ್ದಿರಿ ಅಂತ ಹೊತ್ತು ಹೊತ್ತಿನದು ಕೇಳಿದೆ. ಸಂಜೆ ಬಿಸಿ ಸಾರು ಇಳಿದ ಕೂಡಲೇ ಮಗನಿಗೆ, ಅತ್ತೆಗೆ. ಸೊಸೆ ಆಮೇಲೆ. ಮಾರನೆ ಮಧ್ಯಾಹ್ನ ಮಗ ಹೊರಗೆ ಉಣ್ಣುತ್ತಿದ್ದ. ಅತ್ತೆಗೆ ಹಳೆ ಸಾರು ಎದೆಯುರಿ, ಅವರದು ಮಜ್ಜಿಗೆ ಅನ್ನ. ಪಾತ್ರೆಯಲ್ಲಿ ರಾತ್ರಿಯೆಲ್ಲ ನಿಂತ ಸಾರನ್ನು ಬಿಸಿ ಮಾಡಿ ಮುಗಿಸುವುದು ಸೊಸೆಯ ಪಾಲು. ದಿನಾ. ಅವಳು ಹೋದ ಮೇಲೆ ಚೆಲ್ಲಲು ಮನಸ್ಸು ಬಾರದೆ ಎದೆಯುರಿದರೂ ಅತ್ತೆ ತಾವೇ ಮುಗಿಸುತ್ತಿದ್ದರು.

ಅತ್ತೆ ಒಲೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ನಾನು ಅರ್ಧ ಹೇಳುವಷ್ಟರಲ್ಲೇ ಅವರಿಗೆ ಪೂರ್ತಿ ಗೊತ್ತಾಗಿತ್ತು.

"ಈ ಪಾತ್ರೆ ಇಳ್ಸಿದ್ದೇ ಅವ್ಳು ಬಂದ್ಲು ಅಂತ ಡಾಕ್ಟ್ರಮ್ಮ. ಇತ್ತಾಳೇಲಿ ಬೇಯ್ಸುದ್ರೆ ಮೈಗೆ ಒಳ್ಳೇದು ಅಂತಾರಲ್ಲ. ರಕ್ತ ಕಮ್ಮಿ, ಸೊಪ್ಪು ತಿನ್ಸಿ ಅಂತ ನೀವ್ ಏಳುದ್ರಿ. ಆವತ್ತಿಂದ ದಿನಾ ಬಸ್ಸಾರೇ ಮಾಡ್ದೆ."

ಬೇರೆ ಕಡೆ ಬಗ್ಗಿಸಿದ್ದ ಸಾರನ್ನು ನಾನೇ ಬಚ್ಚಲಿಗೆ ಚೆಲ್ಲಿದೆ.

ವಾರದೊಳಗೆ ಎರಡೂ ಫಲಿತಾಂಶ ಬಂದವು. ಅತ್ತೆಯ ರಕ್ತದಲ್ಲಿ ಸೀಸ ಇರಬಾರದಷ್ಟಿತ್ತು, ಪಾತ್ರೆಯಿಂದ ಕೆರೆದ ಪುಡಿಯಲ್ಲೂ ಇತ್ತು. ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟೆ. ದೇಹದಿಂದ ಸೀಸವನ್ನು ಎಳೆದು ಹೊರಗೆ ಹಾಕುವ ಮಾತ್ರೆ ಅಲ್ಲಿ ಶುರುವಾಯಿತು. ಮಗನ ರಕ್ತವನ್ನೂ ನೋಡಿಸಿದೆ. ಸ್ವಲ್ಪ ಇತ್ತು, ಔಷಧಿ ಬೇಕಾಗುವಷ್ಟಲ್ಲ. ಹೊರಡುವ ಮುಂಚೆ ಅತ್ತೆ ನನ್ನ ಕೈ ಹಿಡಿದು ಕೇಳಿಕೊಂಡರು. ಪಾತ್ರೆ ಹೋಯಿತು, ಅವಳೂ ಅಲ್ಲಿ ಹುಷಾರಾಗಿದ್ದಾಳೆ, ಈಗ ಇದನ್ನು ಅವರ ಕಿವಿಗೆ ಹಾಕಿದರೆ ಬೇಕೆಂದೇ ವಿಷ ಇಟ್ಟೆ ಅನ್ನುತ್ತಾರೆ, ಬಿಟ್ಟುಬಿಡಿ ಅಂದರು. ಆಮೇಲೆ ಇನ್ನೂ ಇಳಿದರು. ಹೇಳಲೇಬೇಕಾದರೆ ನೀರಿನಿಂದ ಅನ್ನಿ, ಬಣ್ಣದಿಂದ ಅನ್ನಿ ಅಂದರು.

ನನಗೆ ಚೌಕಾಸಿ ಹೊಸದಲ್ಲ. ಇಂಥ ಹೊತ್ತಿನಲ್ಲಿ ನಡುವೆ ಒಂದು ಕಡೆ ಗೆರೆ ಎಳೆದು ಇಬ್ಬರನ್ನೂ ಕೂರಿಸುವುದೇ ನನ್ನ ಕಸುಬು. ನನಗೂ ಅದರಲ್ಲಿ ಲಾಭವಿತ್ತು. ಯಾರಿಗೂ ತಿಳಿಯದಿದ್ದರೆ ನನ್ನ ಚೀಟಿ, ನಾನು ಓದದ ಸಾಲು, ನಾನು ಕಳಿಸಿದ ಆಪರೇಷನ್ ಎಲ್ಲ ಮುಚ್ಚಿಹೋಗುತ್ತಿದ್ದವು. ಒಂದು ದಿನ ಪೂರ್ತಿ ಯೋಚಿಸಿದೆ. ಸೀಸ ಮೂಳೆಯಲ್ಲಿ ಕೂತಿರುತ್ತದೆ, ಮುಂದೆ ಬಸುರಿಯಾದರೆ ಆಗ ಹೊರಗೆ ಬರಬಹುದು. ಗೊತ್ತಿಲ್ಲದೆ ಅವಳು ಮತ್ತೆ ಬಸುರಿಯಾಗಬಾರದು. ಮಾರನೆಯ ದಿನ ಅತ್ತೆಗೆ ಹೇಳಿದೆ: ಇದು ನಿಮ್ಮ ಮನೆಯ ಗುಟ್ಟಲ್ಲ, ಅವಳ ಮೈಯ ವಿಷಯ, ನಾನು ಹೋಗುತ್ತೇನೆ, ನೀವು ಬೇಕೆಂದು ಮಾಡಿಲ್ಲ ಅನ್ನುವುದನ್ನೂ ಹೇಳುತ್ತೇನೆ.

ವಿದ್ಯಾರಣ್ಯಪುರದ ಮನೆಯಲ್ಲಿ ಅಪ್ಪ, ಅಮ್ಮ, ಅವಳು ಇದ್ದರು. ಅವಳ ಒಪ್ಪಿಗೆ ಕೇಳಿ ಅವರೆದುರೇ ಎಲ್ಲವನ್ನೂ ಹೇಳಿದೆ. ಪಾತ್ರೆ, ಕಲಾಯಿ, ರಾತ್ರಿ ನಿಂತ ಸಾರು. ಮೊದಲ ದಿನವೇ ಬಂದಿದ್ದ ರಿಪೋರ್ಟಿನ ಸಾಲನ್ನು ನಾನು ಓದಲಿಲ್ಲ ಅಂತಲೂ ಹೇಳಿದೆ. ಅಪ್ಪನಿಗೆ ಕೋಪ ಬಂತು, ಬರಬೇಕಾದದ್ದೇ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೊಂದಿಕೊಂಡು ಹೋಗೇ ಅಂತ ಪ್ರತಿ ಸಲ ಮಗಳನ್ನು ಬಸ್ ಹತ್ತಿಸಿದವರು ಅವರು.

ಹುಡುಗಿ ಮಾತ್ರ ಅಳಲಿಲ್ಲ. "ಮಗು ಹೋಗಿದ್ದೂ ಅದ್ರಿಂದಾನಾ ಮೇಡಂ?" ಅಂತ ಕೇಳಿದಳು.

ಇರಬಹುದು, ಅದರಿಂದಲೇ ಅಂತ ಖಚಿತವಾಗಿ ಯಾರಿಗೂ ಹೇಳಲು ಆಗುವುದಿಲ್ಲ ಅಂದೆ. ಇದೂ ಮಧ್ಯದ ಮಾತೇ, ಆದರೆ ಈ ಸಲ ನಿಜವಾದ ಮಧ್ಯ.

ಅವಳು ಅಂದಳು: "ಆ ಚೀಟೀಲಿ ಬರ್ದ್ರಲ್ಲ, ಹಾಗೇ ಇದನ್ನೂ ಬರ್ದ್ಕೊಡಿ. ನೋವು ನಿಜವಾಗ್ಲೂ ಇತ್ತು ಅಂತ."

ಕ್ಲಿನಿಕ್‌ನ ಹೆಸರಿರುವ ಹಾಳೆಯನ್ನು ಬ್ಯಾಗಿನಿಂದ ತೆಗೆದು ಅಲ್ಲೇ ಬರೆದೆ. ಇವರ ಹೊಟ್ಟೆನೋವು ಮೊದಲ ದಿನದಿಂದಲೂ ನಿಜವಾಗಿತ್ತು. ಮಾನಸಿಕ ಒತ್ತಡ ಎಂದು ನಾನು ಬರೆದದ್ದು ತಪ್ಪು. ಸಹಿ ಹಾಕಿ ಮೊಹರು ಒತ್ತಿದೆ. ಅವಳು ಅದನ್ನು ತೆಗೆದುಕೊಂಡು ಅಪ್ಪನ ಕೈಗೆ ಕೊಟ್ಟಳು. ಗಟ್ಟಿಯಾಗಿ ಓದಿ ಅಪ್ಪ ಅಂದಳು. ಅಪ್ಪ ಕನ್ನಡಕ ಹುಡುಕಿ, ಹಾಕಿಕೊಂಡು ಓದಿದರು.

ಅವಳ ರಕ್ತ ಪರೀಕ್ಷೆಯಲ್ಲಿ ತಿಂಗಳುಗಳಾದ ಮೇಲೂ ಸೀಸ ಉಳಿದಿತ್ತು. ಈಗ ಇಳಿಯುತ್ತಿದೆ. ಗಂಡ ಹೋಗಿ ಕರೆದ, ಅವಳು ಬರಲಿಲ್ಲ. ಇದರಲ್ಲಿ ಯಾರೂ ನನ್ನನ್ನು ರಾಜಿಗೆ ಕರೆಯಲಿಲ್ಲ, ಕರೆದಿದ್ದರೂ ಹೋಗುತ್ತಿರಲಿಲ್ಲ. ಅತ್ತೆಯ ಬಗ್ಗೆ ಅವಳು ಒಂದೇ ಮಾತು ಹೇಳಿದ್ದಳು. ಅವರು ಕೇಳಿದರೆ ನೋವಿಲ್ಲ ಅನ್ನಿ, ಇನ್ನೇನೂ ಹೇಳಬೇಡಿ.

ಅತ್ತೆ ತಿಂಗಳಿಗೊಮ್ಮೆ ರಿಪೋರ್ಟು ಹಿಡಿದು ಬರುತ್ತಾರೆ. ಕೂತ ಕೂಡಲೇ ಕೇಳುತ್ತಾರೆ.

"ಅವ್ಳಿಗೆ ಎಂಗೈತೆ ಒಟ್ಟೆ ನೋವು?"

"ಇಲ್ಲಮ್ಮ, ಹೋಗಿದೆ."

"ಪೂರ್ತಿ?"

"ಪೂರ್ತಿ."

ಆಮೇಲೆ ತಮ್ಮ ರಿಪೋರ್ಟನ್ನು ನನಗೆ ತೋರಿಸುವುದನ್ನು ಮರೆತು ಎದ್ದು ಹೊರಡುತ್ತಾರೆ. ನಾನೇ ಕೂಗಿ ಕರೆದು ಕೂರಿಸಿ, ರಿಪೋರ್ಟು ಇಸಿದುಕೊಂಡು, ಕೊನೆಯ ಸಾಲಿನವರೆಗೂ ಓದುತ್ತೇನೆ.